ಪೋರ್ಟಿಸ್‌ಹೆಡ್‌ನ ‘ಡಮ್ಮಿ’: ಕಿವಿಗೊಟ್ಟು ಕೇಳುವವರಿಗೊಂದು ಕೈಪಿಡಿ

ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ಪೋರ್ಟಿಸ್‌ಹೆಡ್ ತಂಡದ ಚೊಚ್ಚಲ ಆಲ್ಬಂ ‘ಡಮ್ಮಿ’ ಹೊರಬಂದದ್ದು 1994ರ ಆಗಸ್ಟ್‌ನಲ್ಲಿ. ಮರುವರ್ಷ ಅದಕ್ಕೆ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿ ಬಂತು. ಆ ಸಲದ ಕಣದಲ್ಲಿ ಓಯಸಿಸ್ ತಂಡವಿತ್ತು, ಪಿ.ಜೆ. ಹಾರ್ವಿ ಇದ್ದರು, ಬ್ರಿಸ್ಟಲ್‌ನವರೇ ಆದ ಟ್ರಿಕಿಯೂ ಇದ್ದರು. ಎಲ್ಲರನ್ನೂ ಹಿಂದಿಕ್ಕಿದ ಈ ಆಲ್ಬಂಗೆ ಆಮೇಲೆ ಬಂದ ಗತಿ ಮಾತ್ರ ವಿಚಿತ್ರವಾದದ್ದು. ಕಾಫಿ ಅಂಗಡಿಗಳಲ್ಲಿ, ಹೋಟೆಲ್ ಲಾಬಿಗಳಲ್ಲಿ ಯಾರೂ ಕೇಳಿಸಿಕೊಳ್ಳದ ಹಿನ್ನೆಲೆ ಸಂಗೀತವಾಗಿ ಅದು ವರ್ಷಗಟ್ಟಲೆ ನುಡಿಯಿತು. ಈ ಬಗೆಯ ಸಂಗೀತಕ್ಕೆ ಬಿದ್ದ ಹೆಸರು ಟ್ರಿಪ್-ಹಾಪ್. ಟ್ರಿಪ್-ಹಾಪ್ ಎಂದರೆ ಸಂಜೆ ಹೊತ್ತಿನ ಮಂದಗತಿಯ ಸಂಗೀತ, ಮಾತಿಗೆ ಅಡ್ಡಿ ಮಾಡದು ಎಂಬ ಅಭಿಪ್ರಾಯ ಬೆಳೆದದ್ದು ಹೀಗೆ. ‘ಡಮ್ಮಿ’ಯನ್ನು ಸರಿಯಾಗಿ ಕೇಳಿದರೆ ಮಾತು ನಿಲ್ಲುತ್ತದೆ.

ಸರಿಯಾಗಿ ಕೇಳುವುದು ಎಂದರೆ ಏನು? ಈ ಆಲ್ಬಂ ಹಳೆಯ ಗ್ರಾಮಫೋನ್ ತಟ್ಟೆಯಂತೆ ಕರಕರ ಎನ್ನುತ್ತದೆ. ಯಾವುದೋ ಕಪ್ಪು-ಬಿಳುಪು ಪತ್ತೇದಾರಿ ಚಿತ್ರದಿಂದ ಎತ್ತಿಕೊಂಡದ್ದು ಅನ್ನಿಸುತ್ತದೆ. ಈ ಹಳತನದ ಸ್ವಲ್ಪ ಪಾಲು ಮಾತ್ರ ನಿಜ. ಬಹುಪಾಲನ್ನು ತಂಡದವರು ಸ್ಟುಡಿಯೋದಲ್ಲಿ ಕುಳಿತು ಕೈಯಾರೆ ತಯಾರಿಸಿದರು. ಯಾವುದು ಎರವಲು, ಯಾವುದು ಸ್ವಂತ, ಯಾವುದು ಎರವಲಿನ ವೇಷ ಹಾಕಿದ ಸ್ವಂತದ್ದು ಎಂದು ಕಿವಿಯಿಂದಲೇ ಬಿಡಿಸುವುದನ್ನು ಈ ಕೈಪಿಡಿ ಹಂತಹಂತವಾಗಿ ಕಲಿಸುತ್ತದೆ. ಪಾಶ್ಚಾತ್ಯ ಸಂಗೀತದ ತರಬೇತಿ ಬೇಕಿಲ್ಲ. ಬಿಡುವಿರುವ ಕೆಲವು ಸಂಜೆಗಳು ಸಾಕು.

ಮೊದಲು ಸಿದ್ಧತೆ

ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಬೇಡಿ. ಈ ಆಲ್ಬಂನ ಅರ್ಧ ಜೀವ ಕೆಳಸ್ಥಾಯಿಯ ಬಾಸ್‌ನಲ್ಲಿದೆ, ಅಷ್ಟು ಕೆಳಗಿನ ನಾದವನ್ನು ಆ ಸ್ಪೀಕರು ಹೊರಡಿಸಲಾರದು. ಕಿವಿಯನ್ನು ಪೂರ್ತಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು, ದುಬಾರಿಯದೇ ಆಗಬೇಕಿಲ್ಲ. ಬಾಸ್ ಹೆಚ್ಚಿಸುವ ಸೌಲಭ್ಯವಿದ್ದರೆ ಆರಿಸಿ. ಇಲ್ಲಿ ಅಳತೆ ನೋಡಿ ಹಾಕಿದ ಬಾಸ್ ಇದೆ, ಮೇಲೆ ಸುರಿದರೆ ಉಳಿದದ್ದೆಲ್ಲ ಮುಳುಗುತ್ತದೆ. ಹಾಡುಗಳನ್ನು ಕಲೆಸಿ ನುಡಿಸುವ ಆಯ್ಕೆಯನ್ನೂ, ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಜೋಡಿಸುವ ಆಯ್ಕೆಯನ್ನೂ ತೆಗೆದುಹಾಕಿ.

ಆಲ್ಬಂನ ಕೆಲವು ಆವೃತ್ತಿಗಳಲ್ಲಿ 10 ಹಾಡುಗಳಿವೆ, ಕೆಲವದರಲ್ಲಿ 11. ವ್ಯತ್ಯಾಸ ‘ಇಟ್ಸ್ ಎ ಫೈರ್’ ಎಂಬ ಹಾಡಿನದು. ಯಾವುದು ಸಿಕ್ಕರೂ ನಡೆಯುತ್ತದೆ. ಆದರೆ ಹುಡುಕುವಾಗ ಒಂದು ಎಚ್ಚರ ಬೇಕು. ‘ರೋಡ್ಸ್’ ಹಾಡನ್ನು ಹುಡುಕಿದರೆ ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಸಭಾಂಗಣದಲ್ಲಿ 1997ರಲ್ಲಿ ವಾದ್ಯವೃಂದದೊಂದಿಗೆ ನಡೆದ ಕಛೇರಿಯ ಧ್ವನಿಮುದ್ರಣ ಎದುರಾಗಬಹುದು. ಅದು ಅದ್ಭುತವಾದದ್ದೇ. ಆದರೂ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಸ್ಟುಡಿಯೋದ ರೂಪ ಕಿವಿಗೆ ಕೂರಬೇಕು.

ಒಂದನೆಯ ಸುತ್ತು: ಏನನ್ನೂ ಹುಡುಕದೆ

ಒಟ್ಟು ಅವಧಿ ಐವತ್ತು ನಿಮಿಷಕ್ಕಿಂತ ತುಸು ಕಡಿಮೆ. ದೀಪ ಆರಿಸಬೇಕು, ಮಳೆ ಬರುತ್ತಿರಬೇಕು ಎಂಬ ಶಿಫಾರಸುಗಳನ್ನು ಕಿವಿಗೆ ಹಾಕಿಕೊಳ್ಳಬೇಡಿ. ಹಗಲಲ್ಲೇ ಕೇಳಿ, ಆದರೆ ಒಂದೇ ಉಸಿರಿಗೆ ಕೇಳಿ. ಸಾಹಿತ್ಯವನ್ನು ಈಗಲೇ ಓದಬೇಡಿ. ಯಾವ ಹಾಡಿನಲ್ಲಿ ಮುಂದಕ್ಕೆ ಹಾರಿಸಬೇಕೆಂದು ಕೈ ತುಡಿಯಿತು ಎಂಬುದೊಂದನ್ನು ಮಾತ್ರ ನೆನಪಿಡಿ. ಹೊಸಬರಲ್ಲಿ ಹಲವರ ಕೈ ತುಡಿಯುವುದು ಕೊನೆಯಿಂದ ಎರಡನೆಯದಾದ ‘ಬಿಸ್ಕಿಟ್’ ಬಂದಾಗ. ಅದೇಕೆ ಎಂಬುದು ನಾಲ್ಕನೆಯ ಸುತ್ತಿನಲ್ಲಿ ತಿಳಿಯುತ್ತದೆ.

ಎರಡನೆಯ ಸುತ್ತು: ಡ್ರಮ್ ಹಿಡಿದು ಹೋಗಿ

ಈ ಸಲ ಹಾಡುವ ಧ್ವನಿಯನ್ನು ಬೇಕೆಂದೇ ದೂರ ಮಾಡಿ, ಡ್ರಮ್ ಮತ್ತು ಬಾಸ್ ಮಾತ್ರ ಹಿಂಬಾಲಿಸಿ. ತೊಡೆಯ ಮೇಲೆ ಕೈಯಿಟ್ಟು ನಾಲ್ಕು ನಾಲ್ಕಾಗಿ ಎಣಿಸಿ. ಎರಡು ಮತ್ತು ನಾಲ್ಕನೆಯ ಎಣಿಕೆಯ ಮೇಲೆ ಸ್ನೇರ್, ಅಂದರೆ ಚುರುಕು ಸದ್ದಿನ ಡ್ರಮ್ಮಿನ, ಏಟು ಬೀಳುತ್ತದೆ. ಈ ಸಂಗೀತದ ಬೆನ್ನೆಲುಬು ಅಮೆರಿಕದ ಹಿಪ್-ಹಾಪ್, ಅಂದರೆ ತಾಳದ ಮೇಲೆ ಮಾತು ಹೆಣೆಯುವ ಸಂಗೀತ. ಅದರ ವೇಗವನ್ನು ಇಳಿಸಿ, ಮೇಲೆ ಮಾತಿನ ಬದಲು ಹಾಡನ್ನು ಇಟ್ಟದ್ದು ಬ್ರಿಸ್ಟಲ್‌ನವರ ಕೆಲಸ.

ಮೊದಲ ಹಾಡು ‘ಮಿಸ್ಟರಾನ್ಸ್’ನಲ್ಲಿ ಸ್ನೇರ್ ಸೈನಿಕರ ಕವಾಯತಿನಂತೆ ಉರುಳುತ್ತದೆ. ‘ವಾಂಡರಿಂಗ್ ಸ್ಟಾರ್’ನಲ್ಲಿ ಬಾಸ್ ನಾದಕ್ಕಿಂತ ಹೆಚ್ಚಾಗಿ ಗುದ್ದು. ‘ರೋಡ್ಸ್’ ಶುರುವಾಗುವಾಗ ಡ್ರಮ್ ಇರುವುದೇ ಇಲ್ಲ, ನಡುಗುವ ಎಲೆಕ್ಟ್ರಿಕ್ ಪಿಯಾನೋ ಒಂದೇ ಇರುತ್ತದೆ. ತಾಳ ಯಾವಾಗ ಸೇರಿತು ಎಂಬುದನ್ನು ಹಿಡಿಯಲು ನೋಡಿ.

ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಪಳಗಿದ ಕಿವಿಗೆ ಇಲ್ಲೊಂದು ತೊಡಕಿದೆ. ಮೃದಂಗದವರು ಪ್ರತಿ ಆವರ್ತದಲ್ಲೂ ಏನಾದರೂ ಬದಲಿಸುತ್ತಾರೆ, ಬದಲಿಸದಿದ್ದರೆ ಬೇಸರ ಬಂದಿದೆ ಎಂದೇ ಅರ್ಥ. ಇಲ್ಲಿ ಲೂಪ್, ಅಂದರೆ ಒಂದು ತುಣುಕನ್ನು ಕತ್ತರಿಸಿ ಸುತ್ತಿ ಸುತ್ತಿ ನುಡಿಸುವುದು, ಏನನ್ನೂ ಬದಲಿಸುವುದಿಲ್ಲ. ಅದರ ಹಟವೇ ಅದರ ಗುಣ. ಆದ್ದರಿಂದ ಬದಲಾವಣೆಗಾಗಿ ಕಾಯುವುದನ್ನು ಬಿಟ್ಟು, ಲೂಪ್ ಎಲ್ಲಿ ಮುರಿಯುತ್ತದೆ ಎಂದು ಕಾಯಿರಿ. ಕೊನೆಯ ಹಾಡು ‘ಗ್ಲೋರಿ ಬಾಕ್ಸ್’ ಮುಗಿಯಲು ಬಂದಾಗ, ಅಲ್ಲಿಯವರೆಗೆ ತೂಗಿಕೊಂಡು ಬಂದ ಲೂಪ್ ಕತ್ತರಿಸಿಹೋಗಿ, ಕೆಳಗಿನಿಂದ ಭಾರವಾದ ಡ್ರಮ್ ಏಳುತ್ತದೆ. ಇಡೀ ಆಲ್ಬಂ ಕೇಳಿ ಬಂದವರಿಗೆ ಆ ಕ್ಷಣದಲ್ಲಿ ನೆಲ ಜರುಗಿದಂತೆ ಆಗುತ್ತದೆ. ಆ ಹಾಡೊಂದನ್ನೇ ಬಿಡಿಯಾಗಿ ಕೇಳಿದವರಿಗೆ ಅಷ್ಟು ಆಗುವುದಿಲ್ಲ.

ಮೂರನೆಯ ಸುತ್ತು: ಧೂಳು ಎಲ್ಲಿಂದ ಬಂತು

ನನ್ನ ಮಟ್ಟಿಗೆ ಈ ಆಲ್ಬಂನ ತಿರುಳು ಇಲ್ಲಿದೆ.

ತಂಡದಲ್ಲಿ ಮೂವರು. ಜೆಫ್ ಬ್ಯಾರೋ ಹಿಪ್-ಹಾಪ್ ಕೇಳಿ ಬೆಳೆದ ಹುಡುಗ, ತಟ್ಟೆ ತಿರುಗಿಸುವವರು, ಸ್ಯಾಂಪಲ್ (ಧ್ವನಿಮುದ್ರಣದಿಂದ ಎತ್ತಿದ ತುಣುಕು) ಜೋಡಿಸುವವರು. ಬೆತ್ ಗಿಬ್ಬನ್ಸ್ ಹಾಡುವವರು, ಸಾಹಿತ್ಯ ಬರೆಯುವವರು. ಏಡ್ರಿಯನ್ ಅಟ್ಲಿ ಇಬ್ಬರಿಗಿಂತ ಹಿರಿಯರು, ಜಾಝ್ ಗಿಟಾರ್ ವಾದಕರು, ಹಳೆಯ ಗಿಟಾರು ಮತ್ತು ಆಂಪ್ಲಿಫೈಯರುಗಳ ಹುಚ್ಚಿನವರು. ಇವರ ಜೊತೆ ಧ್ವನಿ ಎಂಜಿನಿಯರ್ ಡೇವ್ ಮೆಕ್‌ಡೊನಾಲ್ಡ್ ಹಾಗೂ ಡ್ರಮ್ ವಾದಕ ಕ್ಲೈವ್ ಡೀಮರ್.

ಹಿಪ್-ಹಾಪ್ ಕಟ್ಟುವವರ ಎದುರಿನ ಸಮಸ್ಯೆ ಇದು. ಹಳೆಯ ತಟ್ಟೆಯಿಂದ ತುಣುಕು ಎತ್ತಿದರೆ ಸ್ವರದ ಜೊತೆಗೆ ಅಂದಿನ ಕೋಣೆ, ಅಂದಿನ ಮೈಕು, ಸೂಜಿ ಸವೆಸಿದ ಗೀರು ಎಲ್ಲವೂ ಬರುತ್ತವೆ. ಅದರ ಪಕ್ಕದಲ್ಲಿ ಇಂದು ನುಡಿಸಿದ ಗಿಟಾರನ್ನು ಇಟ್ಟರೆ ಅದು ತೀರಾ ಶುಭ್ರವಾಗಿ, ಹೊರಗಿನವರಂತೆ ನಿಲ್ಲುತ್ತದೆ. ಎರವಲು ತುಣುಕುಗಳನ್ನೇ ನಂಬಿಕೊಂಡರೆ ಬೇಕಾದ ಸ್ವರ ಬೇಕಾದ ಜಾಗದಲ್ಲಿ ಸಿಗುವುದಿಲ್ಲ, ಪರವಾನಗಿಯ ತಲೆನೋವು ಬೇರೆ. ಪೋರ್ಟಿಸ್‌ಹೆಡ್ ಕಂಡುಕೊಂಡ ಉಪಾಯ ಸೊಗಸಾಗಿತ್ತು. ತಮ್ಮ ವಾದನವನ್ನೇ ಧ್ವನಿಮುದ್ರಿಸಿ, ಅದನ್ನು ವಿನೈಲ್ ತಟ್ಟೆಗೆ ಒತ್ತಿಸಿ, ಆ ತಟ್ಟೆಯನ್ನು ಟರ್ನ್‌ಟೇಬಲ್ ಮೇಲಿಟ್ಟು ಅದರಿಂದ ಸ್ಯಾಂಪಲ್ ಎತ್ತಿದರು. ತಮ್ಮಿಂದ ತಾವೇ ಕದ್ದರು ಎನ್ನಬಹುದು. ತಟ್ಟೆ ಹೊಸದಾಗಿದ್ದರೆ ಸಾಲದೆಂದು ಅದನ್ನು ಸ್ಟುಡಿಯೋದ ನೆಲಕ್ಕೆ ಹಾಕಿ ತುಳಿದು ಓಡಾಡಿದರು, ಸ್ಕೇಟ್‌ಬೋರ್ಡಿನಂತೆ ಅದರ ಮೇಲೆ ಜಾರಿದರು. ಕೆಟ್ಟುಹೋದ ಆಂಪ್ಲಿಫೈಯರಿನ ಮೂಲಕ ಹಾಯಿಸಿ ಧ್ವನಿಯ ಅಂಚು ಒಡೆದರು.

ಹೊಸ ಕುರ್ಚಿಗೆ ಗೀರು ಹಾಕಿ ಪುರಾತನದ್ದೆಂದು ಮಾರುವ ಅಂಗಡಿಯವನಿಗೂ ಇವರಿಗೂ ಏನು ವ್ಯತ್ಯಾಸ ಎಂದು ಕೇಳಬಹುದು. ಅಂಗಡಿಯವನು ಗೀರನ್ನು ಕೊನೆಯಲ್ಲಿ ಹಾಕುತ್ತಾನೆ. ಇವರು ಗೀರು ಬಿದ್ದ ಮೇಲೆ ಕೆಲಸ ಶುರುಮಾಡಿದರು. ಸವೆದ ತಟ್ಟೆಯಿಂದ ಎತ್ತಿದ ತುಣುಕಿನ ಮೇಲೆ ಮತ್ತೆ ನುಡಿಸಿ, ಹಾಡು ಕಟ್ಟಿದರು. ಆದ್ದರಿಂದಲೇ ಇಲ್ಲಿನ ಕರಕರ ಸದ್ದನ್ನು ಒರೆಸಿ ತೆಗೆದರೆ ಹಾಡೇ ಉಳಿಯುವುದಿಲ್ಲ. ಇಂದು ಸಾವಿರಾರು ಹಾಡುಗಳಿಗೆ ತಂತ್ರಾಂಶದ ಗುಂಡಿ ಒತ್ತಿ ಮೇಲೆ ಸವರುವ ಕರಕರಕ್ಕೂ ಇದಕ್ಕೂ ಇರುವ ದೂರ ಅದು.

ಈಗ ಅಭ್ಯಾಸ. ಹೆಡ್‌ಫೋನಿನಲ್ಲಿ ‘ಗ್ಲೋರಿ ಬಾಕ್ಸ್’ ಹಾಕಿ, ಸ್ವರಗಳನ್ನೆಲ್ಲ ಬಿಟ್ಟು ಕರಕರವನ್ನು ಮಾತ್ರ ಕೇಳಿ. ಒಂದು ನಿರ್ದಿಷ್ಟ ಚಿಟಿಕೆಯ ಸದ್ದು ಪ್ರತಿ ಸುತ್ತಿನಲ್ಲೂ ಅದೇ ಎಣಿಕೆಗೆ ಬಂದರೆ, ಅದು ಲೂಪಿನ ಒಳಗೇ ಇರುವ ಗೀರು: ತುಣುಕಿನ ಜೊತೆ ಅದೂ ಸುತ್ತುತ್ತಿದೆ. ಯಾವ ಲೆಕ್ಕಕ್ಕೂ ಸಿಗದೆ ಹರಡಿಕೊಂಡಿದ್ದರೆ ಅದನ್ನು ಬೇರೆಯಾಗಿ ಹಾಕಿದ್ದಾರೆ. ಮನೆಯಲ್ಲಿ ವಿನೈಲ್ ಪ್ರತಿಯನ್ನೇ ನುಡಿಸುವ ಪುಣ್ಯವಂತರಾದರೆ, ಮೂರನೆಯ ಸಾಧ್ಯತೆಯೂ ಇದೆ, ನಿಮ್ಮ ತಟ್ಟೆಗೇ ಧೂಳು ಹಿಡಿದಿರಬಹುದು. ಈ ಪರೀಕ್ಷೆಯನ್ನು ಒಂದೊಂದೇ ಹಾಡಿಗೆ ಹಚ್ಚುತ್ತಾ ಹೋಗಿ. ಒಂದೆರಡು ಹಾಡುಗಳಲ್ಲಿ ಕಷ್ಟವೆನಿಸುತ್ತದೆ, ಆಮೇಲೆ ಕಿವಿ ತಾನಾಗಿ ಹಿಡಿಯುತ್ತದೆ.

‘ಸ್ಟ್ರೇಂಜರ್ಸ್’ ಇದಕ್ಕೆ ಇನ್ನೊಂದು ಒಳ್ಳೆಯ ಪಾಠ. ಮೊದಲು ಒಂದು ಸ್ಯಾಕ್ಸೊಫೋನ್ ತುಣುಕು, ಜಾಝ್ ತಂಡ ವೆದರ್ ರಿಪೋರ್ಟ್‌ನಿಂದ ಎರವಲು ತಂದದ್ದು. ಆಮೇಲೆ ಗಿಟಾರ್ ಮತ್ತು ಧ್ವನಿ ಹಳೆಯ ರೇಡಿಯೋದಿಂದ ಬಂದಂತೆ ಸಣಕಲಾಗಿ ಕೇಳಿಸುತ್ತವೆ. ಅಲ್ಲಿ ಎರವಲೇನೂ ಇಲ್ಲ, ಹಾಡುತ್ತಿರುವುದು ಗಿಬ್ಬನ್ಸ್. ಡ್ರಮ್ ಸೇರಿದಾಗ ಧ್ವನಿಯ ಮೈ ತುಂಬಿಕೊಳ್ಳುತ್ತದೆ. ಒಂದೇ ಹಾಡಿನಲ್ಲಿ ನಿಜವಾದ ಹಳತು, ಹಳತಿನ ವೇಷ, ವೇಷ ಕಳಚಿದ ಹೊಸತು ಮೂರೂ ಸಾಲಾಗಿ ನಿಂತಿವೆ.

ನಾಲ್ಕನೆಯ ಸುತ್ತು: ಮೂಲಗಳ ಪಕ್ಕದಲ್ಲಿಟ್ಟು

ಇನ್ನು ನಿಜವಾದ ಎರವಲುಗಳತ್ತ. ಕ್ರಮ ಮುಖ್ಯ: ಪೋರ್ಟಿಸ್‌ಹೆಡ್ ಹಾಡು ಚೆನ್ನಾಗಿ ಪರಿಚಯವಾದ ಮೇಲೆಯೇ ಮೂಲವನ್ನು ಕೇಳಿ. ತಿರುಗಾಮುರುಗಾ ಮಾಡಿದರೆ ಮೂಲ ಬರಿಯ ಮಾಹಿತಿಯಾಗುತ್ತದೆ.

‘ಸವರ್ ಟೈಮ್ಸ್’ನಿಂದ ಆರಂಭಿಸಿ. ಅದರಲ್ಲಿ ಲೋಹದ ತಂತಿಗಳ ಮೇಲೆ ಕೋಲಿನಿಂದ ಬಡಿದ ನಾದವೊಂದು ಸುತ್ತುತ್ತಿರುತ್ತದೆ. ಅದು ಸಿಂಬಲೋಮ್, ಹಂಗೆರಿಯ ಕಡೆಯ ವಾದ್ಯ, ನಮ್ಮ ಸಂತೂರಿನ ಬಂಧು. ಸಂತೂರ್ ಕೇಳಿದವರು ತಟ್ಟನೆ ಗುರುತಿಸುತ್ತಾರೆ. ಆ ತುಣುಕು ಲಾಲೋ ಶಿಫ್ರಿನ್ ಅವರ ‘ಡ್ಯಾನ್ಯೂಬ್ ಇನ್ಸಿಡೆಂಟ್’ನಿಂದ ಬಂದದ್ದು. ‘ಮಿಷನ್: ಇಂಪಾಸಿಬಲ್’ ಟಿವಿ ಧಾರಾವಾಹಿಯ ಶೀರ್ಷಿಕೆ ಸಂಗೀತ ಮಾಡಿದವರು ಇದೇ ಶಿಫ್ರಿನ್. ಮೂಲವನ್ನು ಕೇಳಿದರೆ ಬೇಹುಗಾರರು ಗಡಿ ದಾಟುವ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಅದೇ ತುಣುಕು ಗಿಬ್ಬನ್ಸ್‌ರ ಧ್ವನಿಯ ಕೆಳಗೆ ಬಂದಾಗ ಅಪಾಯ ಹೊರಗಿನಿಂದ ಮನೆಯೊಳಕ್ಕೆ ಬಂದಂತಿರುತ್ತದೆ. ಅಟ್ಲಿಯವರ ಗಿಟಾರು ಬೇಕೆಂದೇ ಆ ಕಾಲದ ಪತ್ತೇದಾರಿ ಚಿತ್ರಗಳ ಗಿಟಾರಿನಂತೆ ಮಿಡಿಯುತ್ತದೆ. ಎರವಲಿನ ಪಕ್ಕದಲ್ಲಿ ಅದೇ ಬಣ್ಣದ ಸ್ವಂತದ್ದನ್ನು ನಿಲ್ಲಿಸುವ ಜಾಣ್ಮೆ ಇದು. ಈ ಗೀಳು ಎಷ್ಟಿತ್ತೆಂದರೆ, ‘ಟು ಕಿಲ್ ಎ ಡೆಡ್ ಮ್ಯಾನ್’ ಎಂಬ ಬೇಹುಗಾರಿಕೆಯ ಕಿರುಚಿತ್ರವನ್ನೇ ತಂಡದವರು ಮಾಡಿ, ತಾವೇ ನಟಿಸಿದ್ದರು. ‘ಡಮ್ಮಿ’ಯ ಮುಖಪುಟದಲ್ಲಿರುವ ಗಿಬ್ಬನ್ಸ್ ಚಿತ್ರ ಅದರದ್ದೇ.

ಎರಡನೆಯದು ‘ಗ್ಲೋರಿ ಬಾಕ್ಸ್’. ಅದರ ತೂಗುವ ಲೂಪ್ ಅಮೆರಿಕದ ಗಾಯಕ ಐಸಾಕ್ ಹೇಯ್ಸ್ ಅವರ 1971ರ ‘ಬ್ಲ್ಯಾಕ್ ಮೋಸಸ್’ ಆಲ್ಬಂನಲ್ಲಿರುವ ‘ಐಕ್ಸ್ ರ‍್ಯಾಪ್ 2’ನದು. ಮೂಲದಲ್ಲಿ ಹೇಯ್ಸ್ ಹಾಡುವುದಿಲ್ಲ, ಹೆಣ್ಣೊಬ್ಬಳೊಂದಿಗೆ ಮಾತನಾಡುವಂತೆ ಆಡುತ್ತಾ ಹೋಗುತ್ತಾರೆ. ಗಂಡಿನ ಆ ಮಾತು ಖಾಲಿ ಮಾಡಿದ ಜಾಗದಲ್ಲಿ ಪೋರ್ಟಿಸ್‌ಹೆಡ್ ಒಬ್ಬ ಹೆಣ್ಣಿನ ಹಾಡನ್ನು ಇಟ್ಟಿತು. ಕೇಳಿ ಮುಗಿಸಿದ ಮೇಲೆ ಟ್ರಿಕಿಯ 1995ರ ‘ಮ್ಯಾಕ್ಸಿನ್‌ಕ್ವೇ’ ಆಲ್ಬಂನ ‘ಹೆಲ್ ಈಸ್ ರೌಂಡ್ ದಿ ಕಾರ್ನರ್’ ಹಾಕಿ. ಅದೇ ಊರು, ಅದೇ ಹೇಯ್ಸ್, ಅದೇ ತುಣುಕು. ಆದರೆ ಟ್ರಿಕಿಯದು ಬಾಯಿಗೆ ಬಟ್ಟೆ ಅಡ್ಡ ಹಿಡಿದು ಪಿಸುಗುಟ್ಟಿದಂತಹ ಹಾಡು. ಸ್ಯಾಂಪಲ್ ಬಳಸುವುದೆಂದರೆ ನಕಲು ಮಾಡುವುದೆಂದು ವಾದಿಸುವವರು ಮನೆಗೆ ಬಂದರೆ ಈ ಮೂರನ್ನೂ ಸಾಲಾಗಿ ಕೇಳಿಸಿ. ನಾನು ಬಲ್ಲಂತೆ ಇದಕ್ಕಿಂತ ಚುಟುಕಾದ ಉತ್ತರ ಇಲ್ಲ.

ಇನ್ನು ‘ಬಿಸ್ಕಿಟ್’. ನಡುನಡುವೆ ನರಳುವ ಗಂಡುಧ್ವನಿಯೊಂದು ಕೇಳಿಬರುತ್ತದೆ, ಮಾತು ಅರ್ಥವಾಗದಷ್ಟು ಎಳೆದದ್ದು. ಅದು ಜಾನಿ ರೇ ಎಂಬ ಅಮೆರಿಕನ್ ಗಾಯಕರ 1959ರ ಹಾಡು. ಮೂಲದಲ್ಲಿ ಅದು ಲವಲವಿಕೆಯ ಪ್ರೇಮಭಂಗದ ಗೀತೆ. ವೇಗ ತಗ್ಗಿಸಿದಾಗ ಶ್ರುತಿಯೂ ತಗ್ಗಿ ಅದು ನರಳಾಟವಾಯಿತು. ಮೊದಲ ಸುತ್ತಿನಲ್ಲಿ ಮುಂದಕ್ಕೆ ಹಾರಿಸಲು ಪ್ರೇರೇಪಿಸುವ ಕಿರಿಕಿರಿ ಇದೇ. ಮೂಲ ಕೇಳಿ ಬಂದವರಿಗೆ ಆ ಕಿರಿಕಿರಿಯೇ ಹಾಡಿನ ಅತಿ ಒಳ್ಳೆಯ ಭಾಗವಾಗುತ್ತದೆ.

ಆಲ್ಬಂನ ಹಾಡುಗಳ ಕರ್ತೃಗಳ ಪಟ್ಟಿಯಲ್ಲಿ ಶಿಫ್ರಿನ್, ಹೇಯ್ಸ್ ಹೆಸರುಗಳೂ ಇವೆ ಎಂಬುದನ್ನು ಗಮನಿಸಿ.

ಐದನೆಯ ಸುತ್ತು: ಈಗ ಧ್ವನಿ

ಇಷ್ಟು ಹೊತ್ತು ದೂರವಿಟ್ಟ ಗಿಬ್ಬನ್ಸ್‌ರನ್ನು ಈಗ ಹತ್ತಿರ ಕರೆಯಿರಿ. ಸಾಹಿತ್ಯವನ್ನೂ ಈಗ ಓದಬಹುದು. ಗಿಬ್ಬನ್ಸ್ ಸಂದರ್ಶನಗಳಿಂದ ದೂರ ಉಳಿದವರು, ಹಾಗಾಗಿ ಅರ್ಥ ವಿವರಿಸುವ ಟಿಪ್ಪಣಿಗಳ ಬೆನ್ನು ಹತ್ತಬೇಡಿ. ಒಂದು ಮಾತ್ರ ಹೇಳಿಬಿಡುತ್ತೇನೆ: ‘ವಾಂಡರಿಂಗ್ ಸ್ಟಾರ್’ನ ಪಲ್ಲವಿ ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಯೂದನ ಪತ್ರಿಕೆಯ 13ನೆಯ ವಚನದಿಂದ ಬಂದದ್ದು. ದಾರಿತಪ್ಪಿದ ನಕ್ಷತ್ರಗಳ, ಅವುಗಳಿಗಾಗಿ ಕಾದಿರುವ ಕತ್ತಲೆಯ ಮಾತು ಅಲ್ಲಿದೆ. ಕನ್ನಡ ಬೈಬಲ್ ಕೈಗೆ ಸಿಕ್ಕರೆ ತೆರೆದು ಓದಿ, ಆಮೇಲೆ ಹಾಡು ಹಾಕಿ.

ಕೇಳುವಾಗ ಧ್ವನಿಗೂ ಮೈಕಿಗೂ ಇರುವ ದೂರವನ್ನು ಅಂದಾಜು ಮಾಡಿ. ‘ಇಟ್ ಕುಡ್ ಬಿ ಸ್ವೀಟ್’ನಲ್ಲಿ ಅವರು ಎದುರಿನ ಕುರ್ಚಿಯಲ್ಲಿದ್ದಾರೆ. ‘ಗ್ಲೋರಿ ಬಾಕ್ಸ್’ನ ಆರಂಭದಲ್ಲಿ ಯಾವುದೋ ಕಾಲದ ಜಾಝ್ ಗಾಯಕಿಯ ನಟನೆ ಇದೆ, ಹಾಡು ಮುಂದುವರಿದಂತೆ ನಟನೆ ಬಿರಿಯುತ್ತದೆ. ಈ ಆಲ್ಬಂ ದುಃಖದ್ದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ದುಃಖಕ್ಕಿಂತ ಸಿಟ್ಟು ಹೆಚ್ಚು ಕೇಳಿಸುತ್ತದೆ, ಅದರಲ್ಲೂ ‘ಮಿಸ್ಟರಾನ್ಸ್’ನಲ್ಲಿ ಮತ್ತು ‘ನಮ್’ನಲ್ಲಿ. ‘ರೋಡ್ಸ್’ ಒಂದೇ ನಿಜಕ್ಕೂ ಶೋಕದ ಹಾಡು. ಅಲ್ಲಿ ತಂತಿವಾದ್ಯಗಳು ಏರಿ ಬಂದಾಗಲೂ ಧ್ವನಿ ಏರುವುದಿಲ್ಲ. ಸಿನಿಮಾ ಹಾಡುಗಳಲ್ಲಿ ಪಿಟೀಲುಗಳು ಏರಿದರೆ ಗಾಯಕಿಯೂ ಏರುವುದನ್ನೇ ಕೇಳಿ ಬೆಳೆದ ನಮಗೆ ಈ ಸಂಯಮ ಹೊಸದು.

ಊರಿನ ಬಗ್ಗೆ ಇಷ್ಟು ತಿಳಿದರೆ ಸಾಕು

ಪೋರ್ಟಿಸ್‌ಹೆಡ್ ಎಂಬುದು ಬ್ರಿಸ್ಟಲ್ ಪಕ್ಕದ ಕರಾವಳಿಯ ಪುಟ್ಟ ಪಟ್ಟಣ, ಬ್ಯಾರೋ ಬೆಳೆದ ಊರು. ಬ್ರಿಸ್ಟಲ್ ಅಂದರೆ ರಾಜಾ ರಾಮಮೋಹನ ರಾಯರು 1833ರಲ್ಲಿ ತೀರಿಕೊಂಡ ಊರು ಎಂದು ಭಾರತೀಯರು ಪಾಠಪುಸ್ತಕದಲ್ಲಿ ಓದಿರುತ್ತಾರೆ. ಅವರ ಸಮಾಧಿ ಇಂದಿಗೂ ಅಲ್ಲಿಯ ಆರ್ನೋಸ್ ವೇಲ್ ಸ್ಮಶಾನದಲ್ಲಿದೆ. ಗುಲಾಮರ ವ್ಯಾಪಾರದಿಂದ ಸಿರಿವಂತವಾದ ಬಂದರು ಅದು. ಎರಡನೆಯ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ ಬಂದವರು ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ನೆಲೆಸಿದರು, ಅವರೊಂದಿಗೆ ಜಮೈಕಾದ ಸೌಂಡ್ ಸಿಸ್ಟಂ ಸಂಪ್ರದಾಯವೂ ಬಂತು. ಬೀದಿಗೆ ಭಾರಿ ಸ್ಪೀಕರುಗಳನ್ನು ತಂದು, ಬಾಸ್ ಎದೆಗೆ ತಾಕುವಂತೆ ರೆಗೆ ಮತ್ತು ಡಬ್ ಎಂಬ ಜಮೈಕಾದ ಸಂಗೀತ ನುಡಿಸುವ ರೂಢಿ ಅದು. 1980ರ ದಶಕದಲ್ಲಿ ಅಲ್ಲಿ ವೈಲ್ಡ್ ಬಂಚ್ ಎಂಬ ಗುಂಪು ಹಿಪ್-ಹಾಪ್, ರೆಗೆ, ಪಂಕ್ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ನುಡಿಸುತ್ತಿತ್ತು. ಅದರಿಂದ ಹುಟ್ಟಿದ ಮ್ಯಾಸಿವ್ ಅಟ್ಯಾಕ್ ತಂಡ 1991ರಲ್ಲಿ ‘ಬ್ಲೂ ಲೈನ್ಸ್’ ಆಲ್ಬಂ ತಂದಿತು. ಅದರ ಕೆಲಸ ಬ್ರಿಸ್ಟಲ್‌ನ ಕೋಚ್ ಹೌಸ್ ಸ್ಟುಡಿಯೋದಲ್ಲಿ ನಡೆಯುತ್ತಿದ್ದಾಗ ಟೇಪು ಹಾಕುವ ಸಹಾಯಕನಾಗಿ ಅಲ್ಲಿದ್ದ ಹುಡುಗ ಬ್ಯಾರೋ. ಅದೇ ವರ್ಷ, ಸ್ವಂತ ಉದ್ಯೋಗ ಕೈಗೊಳ್ಳುವ ನಿರುದ್ಯೋಗಿಗಳಿಗಾಗಿ ಸರ್ಕಾರ ನಡೆಸುತ್ತಿದ್ದ ಯೋಜನೆಯ ತರಬೇತಿಯಲ್ಲಿ ಅವರಿಗೂ ಗಿಬ್ಬನ್ಸ್‌ಗೂ ಭೇಟಿಯಾಯಿತು.

ಟ್ರಿಪ್-ಹಾಪ್ ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1994ರಲ್ಲಿ, ಬ್ರಿಟನ್ನಿನ ‘ಮಿಕ್ಸ್‌ಮ್ಯಾಗ್’ ಪತ್ರಿಕೆಯಲ್ಲಿ. ಬ್ರಿಸ್ಟಲ್‌ನ ಸಂಗೀತಗಾರರಿಗೆ ಆ ಹಣೆಪಟ್ಟಿ ಹಿಡಿಸಲೇ ಇಲ್ಲ.

ಆರನೆಯ ಹೆಜ್ಜೆ: ಒಂದು ತುಣುಕನ್ನು ನೀವೇ ಸವೆಸಿ

ಕಿವಿ ಕಲಿತದ್ದು ಕೈಗೆ ಬಂದರೆ ಗಟ್ಟಿಯಾಗುತ್ತದೆ. ಎರಡು ಫೋನು, ಒಂದು ಕಂಪ್ಯೂಟರ್, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ, ಮನೆಯಲ್ಲಿರುವ ಯಾವುದಾದರೂ ವಾದ್ಯ ಇಷ್ಟು ಸಾಕು. ಹಾರ್ಮೋನಿಯಂ, ಗಿಟಾರು, ವೀಣೆ ಯಾವುದಾದರೂ ಆದೀತು. ವಾದ್ಯವಿಲ್ಲದಿದ್ದರೆ ಗುನುಗಿ.

ನಾಲ್ಕು ಎಣಿಕೆಯ ಒಂದು ಸರಳ ನುಡಿತವನ್ನು ಫೋನಿನಲ್ಲಿ ಧ್ವನಿಮುದ್ರಿಸಿ. ವೇಗದ ಲೆಕ್ಕ ಮೊದಲೇ ಹಾಕಬೇಕು. ನಿಮಿಷಕ್ಕೆ 80 ಎಣಿಕೆಯ ವೇಗ ಈ ಬಗೆಯ ಹಾಡಿಗೆ ಒಗ್ಗುತ್ತದೆ. ಆದರೆ ನಾವು ಆಮೇಲೆ ವೇಗವನ್ನು ಕಾಲುಭಾಗ ತಗ್ಗಿಸಲಿದ್ದೇವೆ, ಆದ್ದರಿಂದ ನುಡಿಸುವಾಗ ಸುಮಾರು 107ರ ವೇಗದಲ್ಲಿ ನುಡಿಸಿ. ಫೋನಿನಲ್ಲಿ ಮೆಟ್ರೋನೋಮ್ (ಲಯ ಎಣಿಸಿಕೊಡುವ ಸಾಧನ) ಇದ್ದರೆ ಒಂದು ಕಿವಿಗೆ ಹಾಕಿಕೊಳ್ಳಿ.

ಕಂಪ್ಯೂಟರಿಗೆ ತಂದು, ನಾಲ್ಕು ಎಣಿಕೆಗೆ ಸರಿಯಾಗಿ ಕತ್ತರಿಸಿ, ಸುತ್ತಿ ನುಡಿಸಿ ನೋಡಿ. ಕೂಡುವ ಜಾಗದಲ್ಲಿ ಟಕ್ ಎಂದರೆ ಅಲೆಯ ಗೆರೆ ನಡುರೇಖೆಯನ್ನು ದಾಟುವ ಬಿಂದುವಿನಲ್ಲಿ ಕತ್ತರಿಸಿಲ್ಲ ಎಂದರ್ಥ. ಚಿತ್ರವನ್ನು ಹಿಗ್ಗಿಸಿ ಆ ಬಿಂದು ಹುಡುಕಿ ಮತ್ತೆ ಕತ್ತರಿಸಿ. ಅತಿ ಹೆಚ್ಚು ಸಮಯ ಹಿಡಿಯುವುದು ಈ ಕೆಲಸವೇ, ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ.

ಈಗ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಪರಿಣಾಮವನ್ನು (ಇಫೆಕ್ಟ್) ಆರಿಸಿ, ಶೇ 25ರಷ್ಟು ತಗ್ಗಿಸಿ. ವೇಗವನ್ನು ಮಾತ್ರ ತಗ್ಗಿಸುವ ಬೇರೊಂದು ಪರಿಣಾಮವೂ ಅಲ್ಲಿದೆ, ಅದನ್ನು ಮುಟ್ಟಬೇಡಿ. ಷಡ್ಜ ಈಗ ಕೆಳಗಿನ ಪಂಚಮಕ್ಕೆ ಇಳಿದಿರುತ್ತದೆ. ನಿಮಿಷಕ್ಕೆ 45 ಸುತ್ತಿನ ತಟ್ಟೆಯನ್ನು 33ರ ವೇಗದಲ್ಲಿ ನುಡಿಸಿದರೆ ಆಗುವುದೂ ಹೆಚ್ಚುಕಡಿಮೆ ಇಷ್ಟೇ. ‘ಬಿಸ್ಕಿಟ್’ನ ನರಳಾಟದ ಗುಟ್ಟು ನಿಮ್ಮ ಹಾರ್ಮೋನಿಯಮ್ಮಿನಲ್ಲೇ ಕೇಳಿಸತೊಡಗುತ್ತದೆ. ನಂತರ ಶೋಧಕ (ಫಿಲ್ಟರ್) ಬಳಸಿ 200 ಹರ್ಟ್ಸ್ ಕೆಳಗಿನದನ್ನೂ 4000 ಹರ್ಟ್ಸ್ ಮೇಲಿನದನ್ನೂ ತೆಗೆಯಿರಿ. ಕೆಳಗೆ ಖಾಲಿಯಾದ ಜಾಗ ಆಮೇಲೆ ಬಾಸ್‌ಗೆ ಬೇಕು.

ಇನ್ನು ತುಳಿದಾಟ. ತಟ್ಟೆ ಒತ್ತಿಸುವುದು ಮನೆಯ ಕೆಲಸವಲ್ಲ, ಆದರೆ ತತ್ವ ಅದೇ ಇರಲಿ. ತುಣುಕನ್ನು ಫೋನಿನಲ್ಲಿ ನುಡಿಸಿ, ಆ ಫೋನನ್ನು ಸ್ಟೀಲ್ ಕೊಡದೊಳಗೆ ಇಳಿಸಿ, ಇನ್ನೊಂದು ಫೋನಿನಿಂದ ಧ್ವನಿಮುದ್ರಿಸಿ. ಬಂದದ್ದನ್ನು ಮತ್ತೊಮ್ಮೆ ಬಚ್ಚಲುಮನೆಯಲ್ಲಿ ನುಡಿಸಿ ಮುದ್ರಿಸಿ. ಪ್ರತಿ ಸಲವೂ ಧ್ವನಿ ಒಂದು ಪದರ ಕಳೆದುಕೊಂಡು ಒಂದು ಕೋಣೆಯನ್ನು ಗಳಿಸುತ್ತದೆ. ಎರಡು ಸಲಕ್ಕೆ ನಿಲ್ಲಿಸಿ, ಮೂರನೆಯ ಸಲ ಸ್ವರವೇ ಕಾಣೆಯಾಗುತ್ತದೆ. ಸಿದ್ಧವಾಗಿ ಸಿಗುವ ಕರಕರ ಸದ್ದಿನ ಕಡತಗಳನ್ನು ಮೇಲೆ ಹಾಕಬೇಡಿ. ಬೇಕೇ ಬೇಕೆಂದರೆ ಪ್ಲಾಸ್ಟಿಕ್ ಹಾಳೆಯೊಂದನ್ನು ಮೈಕಿನ ಬಳಿ ಮೆಲ್ಲಗೆ ಮುದುರಿ ನಿಮ್ಮದೇ ಕರಕರ ಮಾಡಿಕೊಳ್ಳಿ.

ಕೊನೆಗೆ ಡ್ರಮ್: ಒಂದನೆಯ ಎಣಿಕೆಗೆ ಕಿಕ್ (ದಪ್ಪ ಸದ್ದಿನ ಡ್ರಮ್), ಎರಡಕ್ಕೂ ನಾಲ್ಕಕ್ಕೂ ಸ್ನೇರ್. 80ರ ವೇಗದಲ್ಲಿ ನಾಲ್ಕು ಎಣಿಕೆಗೆ ಸರಿಯಾಗಿ ಮೂರು ಸೆಕೆಂಡು, ನಿಮ್ಮ ತುಣುಕಿನ ಉದ್ದವೂ ಅಷ್ಟೇ ಇರಬೇಕು. ಇಲ್ಲದಿದ್ದರೆ ಕತ್ತರಿಸುವ ಹಂತಕ್ಕೆ ಹಿಂತಿರುಗಿ.

ಇದೆಲ್ಲವನ್ನೂ ಸ್ವಂತ ವಾದನದಿಂದಲೇ ಮಾಡಿ ಎಂದದ್ದಕ್ಕೆ ಕಾನೂನಿನ ಕಾರಣವೂ ಇದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ, ಸಂಗೀತ ಮತ್ತು ಸಾಹಿತ್ಯದ ಹಕ್ಕು ಕರ್ತೃವಿನ ಜೀವಿತಾವಧಿ ಮುಗಿದ ಮೇಲೂ 60 ವರ್ಷ. 1970ರ ದಶಕದ ಚಿತ್ರಗೀತೆಯಿಂದ ಎರಡು ಸೆಕೆಂಡು ಎತ್ತಿ ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂದರೂ ಎರಡೂ ಕಡೆಯವರ ಒಪ್ಪಿಗೆ ಪಡೆಯುವುದೇ ಕ್ಷೇಮ.

ಮುಂದೆ ಏನು ಕೇಳಬೇಕು

ಹಿಂದಕ್ಕೆ ಹೋಗುವುದಾದರೆ ‘ಬ್ಲೂ ಲೈನ್ಸ್’. ಪಕ್ಕಕ್ಕೆ ಹೋಗುವುದಾದರೆ ‘ಮ್ಯಾಕ್ಸಿನ್‌ಕ್ವೇ’. ಸ್ಯಾಂಪಲ್ ಕಲೆಯಲ್ಲೇ ಆಸಕ್ತಿ ಹುಟ್ಟಿದ್ದರೆ ಅಮೆರಿಕದ ಡಿಜೆ ಶ್ಯಾಡೋ ಅವರ 1996ರ ‘ಎಂಡ್‌ಟ್ರೊಡ್ಯೂಸಿಂಗ್’. ಗಿಬ್ಬನ್ಸ್‌ರ ಧ್ವನಿ ಹಿಡಿಸಿದ್ದರೆ 2024ರಲ್ಲಿ ಬಂದ ಅವರ ‘ಲೈವ್ಸ್ ಔಟ್‌ಗ್ರೋನ್’. ಅಲ್ಲಿ ಧೂಳಿಲ್ಲ, ವೇಷವಿಲ್ಲ, ವಯಸ್ಸಾದ ಧ್ವನಿ ಇದೆ. ಈಗ ರೋಸ್‌ಲ್ಯಾಂಡ್ ಕಛೇರಿಯನ್ನೂ ತೆರೆಯಬಹುದು.

ಪೋರ್ಟಿಸ್‌ಹೆಡ್‌ನದೇ ಮುಂದಿನ ಸ್ಟುಡಿಯೋ ಆಲ್ಬಂಗಳು ಎರಡೇ. 1997ರದು ತಂಡದ ಹೆಸರನ್ನೇ ಹೊತ್ತಿದೆ. ಹೊರಗಿನ ತುಣುಕುಗಳನ್ನು ಬಹುಮಟ್ಟಿಗೆ ಕೈಬಿಟ್ಟು, ತಮ್ಮ ವಾದನವನ್ನೇ ಸವೆಸಿ ಬಳಸುವ ಉಪಾಯವನ್ನು ತುದಿಯವರೆಗೆ ಕೊಂಡೊಯ್ದ ಆಲ್ಬಂ. ಮೂರನೆಯ ಸುತ್ತಿನ ಪರೀಕ್ಷೆ ಅಲ್ಲಿ ಇನ್ನೂ ಕಠಿಣ. ನಂತರ ಹನ್ನೊಂದು ವರ್ಷ ಬಿಟ್ಟು 2008ರಲ್ಲಿ ಬಂದ ‘ಥರ್ಡ್’ ಇದೆಲ್ಲವನ್ನೂ ಬಿಸಾಡಿ ಹೊಸದಾಗಿ ಶುರುಮಾಡುತ್ತದೆ, ಅದನ್ನು ಕೊನೆಗಿಟ್ಟುಕೊಳ್ಳಿ. ಹಾಕಿದ ಕೂಡಲೇ ಪೋರ್ಚುಗೀಸ್ ಭಾಷೆಯ ಮಾತು ಕೇಳಿಸಿದರೆ ತಪ್ಪು ಕಡತವೆಂದು ತೆಗೆಯಬೇಡಿ, ಆರಂಭ ಇರುವುದೇ ಹಾಗೆ. ಆ ಮೊದಲ ಹಾಡು ನಡುವಿನಲ್ಲೇ ಕತ್ತರಿಸಿದಂತೆ ತಟ್ಟನೆ ನಿಂತರೆ ಫೋನನ್ನೂ ಹೆಡ್‌ಫೋನನ್ನೂ ಪರೀಕ್ಷಿಸುವ ಅಗತ್ಯವಿಲ್ಲ. ಎರಡನೆಯ ಹಾಡು ತಾನಾಗಿ ಶುರುವಾಗುತ್ತದೆ.